ಅಭಾವಖಂಡ: ಕಳೆದುಹೋದ ಡೇಟಾ ಕುರಿತು ತಾರ್ಕಿಕ ಜಿಜ್ಞಾಸೆ

ಡೇಟಾಬೇಸಿನಲ್ಲಿ ಇರಬೇಕಾದ ಸಾಲು ಇಲ್ಲವೆಂದು ತಿಳಿದೊಡನೆ ಅರ್ವಾಚೀನ ಎಂಜಿನಿಯರು ಲಾಗ್ ತೆರೆಯುತ್ತಾನೆ. ಇದು ಶಾಸ್ತ್ರಸಮ್ಮತವಲ್ಲ. ಇದು ಎಂಥ ‘ಇಲ್ಲ’ ಎಂಬುದನ್ನು ಮೊದಲು ನಿರ್ಣಯಿಸಬೇಕು. ಅನ್ನಂಭಟ್ಟನ ತರ್ಕಸಂಗ್ರಹವು ಅಭಾವವನ್ನು ನಾಲ್ಕು ಬಗೆಯೆಂದಿದೆ: ಪ್ರಾಗಭಾವ, ಪ್ರಧ್ವಂಸಾಭಾವ, ಅತ್ಯಂತಾಭಾವ, ಅನ್ಯೋನ್ಯಾಭಾವ. ಪಾಪ, ಆತನ ಕಾಲದ ತಾರ್ಕಿಕರಿಗೆ ಉದಾಹರಣೆಗೆ ಸಿಕ್ಕುತ್ತಿದ್ದುದು ಮಡಕೆಯೊಂದೇ. ನಾಲ್ಕಕ್ಕೂ ಒಂದೇ ರಾತ್ರಿ ದೃಷ್ಟಾಂತ ಒದಗಿಸಿದ ಕೀರ್ತಿ, ಜನರ ಕೋಡನ್ನು ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಗೆ ಸಲ್ಲಬೇಕು. ಕಾಲ: 2017ರ ಜನವರಿ 31. ಪ್ರಮಾಣ: ಕಂಪನಿ ತಾನೇ ಪ್ರಕಟಿಸಿದ ವರದಿ.

ಮುಖ್ಯ ಸರ್ವರಿನಲ್ಲಿ ಬರೆದದ್ದು ಅದರ ನಕಲಾದ ರೆಪ್ಲಿಕಾ ಸರ್ವರಿಗೆ ತಲುಪುವ ತನಕ ಅಲ್ಲಿ ಅದರ ಪ್ರಾಗಭಾವ. ಲೌಕಿಕರು ಇದನ್ನು ರೆಪ್ಲಿಕೇಶನ್ ಲ್ಯಾಗ್ ಎನ್ನುತ್ತಾರೆ. ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವುಂಟು. ಆದ್ದರಿಂದ ಕಾದರೆ ಸಾಕು. ಆದರೆ ಆ ರಾತ್ರಿ ಲೋಡ್ ಏರಿ, ರೆಪ್ಲಿಕಾ ಓದುವ ಮೊದಲೇ ಮುಖ್ಯ ಸರ್ವರು ತನ್ನ ಹಳೆಯ ಲಾಗ್ ತುಣುಕುಗಳನ್ನು ಅಳಿಸಿಬಿಟ್ಟಿತು. ಆ ತುಣುಕುಗಳನ್ನು ಆರ್ಕೈವ್ ಮಾಡುವ ಏರ್ಪಾಡು ಇರಲಿಲ್ಲ. ಹೀಗೆ ಅಂತ್ಯವೂ ಇಲ್ಲದ ಪ್ರಾಗಭಾವವೊಂದು ಶಾಸ್ತ್ರಕ್ಕೆ ಹೊಸದಾಗಿ ಸೇರಿತು.

ಘಟವು ಪಟವಲ್ಲ, ಒಂದನೆಯ ಸರ್ವರು ಎರಡನೆಯದಲ್ಲ. ಇದು ಅನ್ಯೋನ್ಯಾಭಾವ. ರೆಪ್ಲಿಕಾವನ್ನು ಹೊಸದಾಗಿ ಕಟ್ಟಲು ಎರಡನೆಯದರ ಡೇಟಾ ಫೋಲ್ಡರ್ ಅಳಿಸಹೊರಟ ಎಂಜಿನಿಯರು ಆಜ್ಞೆಯನ್ನು ಒಂದನೆಯದಕ್ಕೆ ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ತಡೆದರೂ ಸುಮಾರು 300 ಜಿಬಿ ಪ್ರಧ್ವಂಸಾಭಾವಕ್ಕೆ ಸಂದಿತ್ತು. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ.

ಇಲ್ಲಿ ಪೂರ್ವಪಕ್ಷಿ ಕೇಳುತ್ತಾನೆ: ರೆಪ್ಲಿಕಾ ಇರುವಾಗ ಬ್ಯಾಕಪ್ ಏಕೆ? ಉತ್ತರ: ರೆಪ್ಲಿಕಾ ಎಂಬುದು ಗುರು ಕೆಮ್ಮಿದರೆ ತಾನೂ ಕೆಮ್ಮುವ ಶಿಷ್ಯ. ಟೇಬಲ್ಲಿನ ಸಾಲು ಅಳಿಸಿದರೆ ಅದನ್ನೂ ಅಷ್ಟೇ ಶ್ರದ್ಧೆಯಿಂದ ಅಳಿಸುತ್ತದೆ. ಆ ರಾತ್ರಿಯಂತೂ ಹೊಸದಾಗಿ ಕಟ್ಟುವ ಹಿಂದಿನ ಯತ್ನದಲ್ಲೇ ಶಿಷ್ಯ ಬರಿದಾಗಿದ್ದ.

ಮೂರು ಕಾಲದಲ್ಲೂ ಇಲ್ಲದಿರುವ ಅತ್ಯಂತಾಭಾವವೇ ಈ ಗ್ರಂಥದ ಹೃದಯ. ದಿನಕ್ಕೊಂದು ಬ್ಯಾಕಪ್ ಅಮೆಜಾನ್ ಎಸ್3ಗೆ ಹೋಗಬೇಕಿತ್ತು. ತೆರೆದು ನೋಡಿದರೆ ಬರಿದು. ಡೇಟಾಬೇಸು ಪೋಸ್ಟ್‌ಗ್ರೆಸ್ 9.6, ನಕಲು ತೆಗೆಯುವ ಪಿಜಿ ಡಂಪ್ 9.2. ಆವೃತ್ತಿ ಹೊಂದದೆ ಅದು ಪ್ರತಿ ಸಲವೂ ಸೋಲುತ್ತಿತ್ತು. ಸೋತಾಗ ಹೇಳಲು ಇಮೇಲ್ ಇತ್ತಲ್ಲ ಎಂದರೆ, ಡಿಮಾರ್ಕ್ ಎಂಬ ಮೇಲ್ ದೃಢೀಕರಣದ ಏರ್ಪಾಡು ಇಲ್ಲವೆಂದು ಅದನ್ನು ಸ್ವೀಕರಿಸುವ ಸರ್ವರು ಹೊರಗೇ ನಿಲ್ಲಿಸುತ್ತಿತ್ತು.

ಈ ಬಗ್ಗೆ ಭಾಟ್ಟ ಮೀಮಾಂಸಕರನ್ನು ಕೇಳಬೇಕು. ಕಾಣದಿರುವುದೂ ಒಂದು ಪ್ರಮಾಣವೆಂದು ಅವರ ಮತ, ಹೆಸರು ಅನುಪಲಬ್ಧಿ. ದೂರಿನ ಮೇಲ್ ಕಾಣುತ್ತಿಲ್ಲ, ಆದ್ದರಿಂದ ದೂರಿಲ್ಲ ಎಂದು ಕಂಪನಿ ನಂಬಿದ್ದು ಮೇಲ್ನೋಟಕ್ಕೆ ನಿರ್ದುಷ್ಟ ವಾದವೇ. ಆದರೆ ಅದೇ ಮೀಮಾಂಸಕರು ಒಂದು ಷರತ್ತನ್ನೂ ಹಾಕಿದ್ದಾರೆ: ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆ ಇರಬೇಕು. ಕತ್ತಲೆಯ ಕೋಣೆಯಲ್ಲಿ ಮಡಕೆ ಕಾಣದಿದ್ದರೆ ಮಡಕೆ ಇಲ್ಲವೆಂದು ಸಿದ್ಧವಾಗುವುದಿಲ್ಲ. ಬಾರಲಾಗದ ಮೇಲ್ ಬಾರದಿದ್ದರೆ ಬ್ಯಾಕಪ್ ಇದೆಯೆಂದೂ ಸಿದ್ಧವಾಗುವುದಿಲ್ಲ. ಆದ್ದರಿಂದ ಬ್ಯಾಕಪ್ಪನ್ನು ಒಮ್ಮೆ ಬೇಕೆಂದೇ ಕೆಡಿಸಿ ಮೇಲ್ ಬರುತ್ತದೆಯೇ ನೋಡಬೇಕು. ಆಮೇಲೆ ಕೆಡದ ಬ್ಯಾಕಪ್ಪಿನಿಂದ ಡೇಟಾಬೇಸನ್ನು ಬೇರೊಂದು ಯಂತ್ರದಲ್ಲಿ ಎಬ್ಬಿಸಿ, ಸಾಲು ಎಣಿಸಬೇಕು. ಇಷ್ಟು ಮಾಡದ ಬ್ಯಾಕಪ್ಪು ಆಕಾಶಪುಷ್ಪದ ಜಾತಿಯದು. ಇನ್ನು ಅಜೂರ್ ಕ್ಲೌಡಿನ ಡಿಸ್ಕ್ ಸ್ನ್ಯಾಪ್‌ಶಾಟ್: ಅದು ಕಡತಗಳ ಸರ್ವರುಗಳಿಗಿತ್ತು, ಡೇಟಾಬೇಸಿಗಿರಲಿಲ್ಲ. ಹೆಚ್ಚಿನ ವ್ಯಾಖ್ಯಾನ ಅನಗತ್ಯ.

ಕೊನೆಗೆ ನೆರವಾದದ್ದು ಪೂರ್ವಮೀಮಾಂಸೆಯ ಹನ್ನೆರಡನೆಯ ಅಧ್ಯಾಯ. ಒಂದರ ಸಲುವಾಗಿ ಮಾಡಿದ್ದು ಇನ್ನೊಂದಕ್ಕೂ ಒದಗಿಬರುವುದು ಅಲ್ಲಿ ಪ್ರಸಂಗ. ಸುಮಾರು ಆರು ಗಂಟೆ ಮುಂಚೆ ಪರೀಕ್ಷೆಯೊಂದಕ್ಕೆಂದು ಡೇಟಾಬೇಸಿನ ಸ್ನ್ಯಾಪ್‌ಶಾಟ್ ತೆಗೆಯಲಾಗಿತ್ತು. ಯೋಜಿಸಿ ಇಟ್ಟದ್ದೆಲ್ಲ ಕೈಕೊಟ್ಟು, ಯಾರೂ ಬ್ಯಾಕಪ್ ಎಂದು ಕರೆಯದಿದ್ದ ಈ ಪ್ರತಿ ಉಳಿಯಿತು. ನಿಧಾನದ ಡಿಸ್ಕಿನಿಂದ ಅದನ್ನು ನಕಲಿಸಲು ಸುಮಾರು 18 ಗಂಟೆ ಹಿಡಿಯಿತು. ಚೇತರಿಕೆಯ ಕೆಲಸವನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿದರು. ಸ್ನ್ಯಾಪ್‌ಶಾಟಿನ ನಂತರದ ಸುಮಾರು 5000 ಪ್ರಾಜೆಕ್ಟುಗಳ ದಾಖಲೆ, 5000 ಟಿಪ್ಪಣಿ, 700 ಹೊಸ ಖಾತೆಗಳು ಪ್ರಧ್ವಂಸಾಭಾವದಲ್ಲೇ ಉಳಿದವು. ಬಳಕೆದಾರರ ಕೋಡಿಗೆ ಮಾತ್ರ ಏನೂ ಆಗಲಿಲ್ಲ, ಅದು ಇದ್ದದ್ದೇ ಬೇರೆ ಕಡೆ. ಅಭಾವವಾಗದ ವಸ್ತುವಾದ್ದರಿಂದ ಅದು ಪ್ರಕೃತ ಗ್ರಂಥದ ವಿಷಯವಲ್ಲ.