ಕೇಳಿದ್ದು ಬೇರಾರ್, ಕೊಟ್ಟಿದ್ದು ಬಿರುದು

ಹೈದರಾಬಾದಿನ ದರ್ಬಾರಿಗೆ ಒಮ್ಮೆ ಭಾರಿ ಘನವಾದ ಪ್ರಶ್ನೆಯೊಂದು ಎದುರಾಗಿತ್ತು: ಎದೆಯವರೆಗೆ ಮಾತ್ರ ಇರುವ ರಾಣಿಗೆ ಜೀವ ಉಂಟೋ ಇಲ್ಲವೋ?

ಆದದ್ದಿಷ್ಟು. 1857ರ ದಂಗೆಯಲ್ಲಿ ಹೈದರಾಬಾದು ಇಂಗ್ಲಿಷರ ಕೈಬಿಡಲಿಲ್ಲ. ವಿಕ್ಟೋರಿಯಾ ರಾಣಿ 1861ರಲ್ಲಿ ‘ಸ್ಟಾರ್ ಆಫ್ ಇಂಡಿಯಾ’ ಎಂಬ ಹೊಸ ವೀರಪದವಿ ಹುಟ್ಟುಹಾಕಿ, ಮೊದಲ ಪಂಕ್ತಿಯಲ್ಲೇ ಐದನೆಯ ನಿಜಾಮ ಅಫ್ಜಲ್-ಉದ್-ದೌಲಾನಿಗೆ ಎಲೆ ಹಾಕಿಸಿದಳು. ಬಿರುದಿನ ಜತೆ ಒಂದು ನಿಲುವಂಗಿ, ರಾಣಿಯ ಮುಖ ಕೊರೆದ ಒಂದು ಪದಕ. ದಿವಾನ ಸಾಲಾರ್ ಜಂಗ್ ವೈಸರಾಯನಿಗೆ ಬರೆದ: ನಮ್ಮ ದೊರೆಗಳು ಅಜ್ಜ-ಮುತ್ತಜ್ಜರ ಉಡುಪು ಬಿಟ್ಟವರಲ್ಲ, ಇದನ್ನು ತೊಟ್ಟರೆ ಮಂದಿ ನಗುತ್ತಾರೆ, ಮಖಮಲ್ಲಾದರೆ ಧರ್ಮಕ್ಕೆ ಒಗ್ಗದು, ಜೀವಿಯ ಚಿತ್ರವಂತೂ ಒಗ್ಗುವುದೇ ಇಲ್ಲ. ವೈಸರಾಯನ ಉತ್ತರ ಖಡಕ್ಕು: ಷರತ್ತು ಸಮೇತ ತಗೊಳ್ಳಿ, ಇಲ್ಲವಾದರೆ ಬಿರುದೇ ಬೇಡ ಅನ್ನಿ. ನಿಜಾಮ ಏನು ಮಾಡಿದ? ಈಗಿನ ಸರ್ಕಾರಗಳು ಮಾಡುವುದನ್ನೇ. ಸಮಿತಿ ನೇಮಿಸಿದ. ಸಮಿತಿ ಕೂತು, ಗ್ರಂಥ ತಿರುವಿ, ತೀರ್ಮಾನ ಕೊಟ್ಟಿತು: ಉಳಿದ ಮೈ ಇಲ್ಲದೆ ಬರೀ ತಲೆ-ಎದೆಗೆ ಜೀವ ಇರಲಾರದು, ಆದಕಾರಣ ಧರಿಸಬಹುದು, ಪ್ರಾರ್ಥನೆಯ ಹೊತ್ತಿನಲ್ಲಿ ಮಾತ್ರ ಕೂಡದು. ನಮ್ಮ ಕಡೆ ವರದಿ ಕೊಟ್ಟ ಕೂಡಲೇ ಜಾರಿಯಾದ ಸಮಿತಿ ಇದೊಂದೇ ಇರಬೇಕು.

ತಾರೆಗಿಂತ ಮೊದಲೇ ಭೂಮಿ ಬಂದಿತ್ತು. 1860ರಲ್ಲಿ 50 ಲಕ್ಷ ರೂಪಾಯಿ ಸಾಲ ಮನ್ನಾ, ರಾಯಚೂರು ದೋಆಬ್ ವಾಪಸು, ಮೇಲೆ ಕೊಸರಿಗೆ ಸುರಪುರ. ಜೇವರ್ಗಿಯಿಂದ ತೆಂಕಲಿಗೆ ಶಹಾಪುರ ದಾಟಿದರೆ ಸುರಪುರ. ಅಲ್ಲಿಯ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಇಂಗ್ಲಿಷರ ಮೇಲೆ ಕತ್ತಿ ಹಿರಿದ, ಸೋತ, ಹೈದರಾಬಾದಿನಲ್ಲಿ ಸೆರೆಸಿಕ್ಕ, ಸೆರೆಯಾಳಾಗಿ ಸಾಗುವ ದಾರಿಯಲ್ಲಿ ಗುಂಡಿಗೆ ಸತ್ತ. ಕಾದಿದವನಿಗೆ ಗುಂಡು, ಕಾದದವನಿಗೆ ವೀರಪದವಿ, ಜತೆಗೆ ಕಾದಿದವನ ಸಂಸ್ಥಾನ. ಬಾಲಕ ವೆಂಕಟಪ್ಪನ ಬಾಯಲ್ಲಿ ‘ಅಪ್ಪಾ’ ಅನ್ನಿಸಿಕೊಂಡಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬನಿಗೂ 1869ರಲ್ಲಿ ಅದೇ ತಾರೆಯ ಕೆಳದರ್ಜೆ ಸಿಕ್ಕಿತು. ಅಷ್ಟರೊಳಗೆ, 1866ರಲ್ಲಿ, ತಾರೆಗೂ ಮೂರು ದರ್ಜೆ ಮಾಡಿದ್ದರು, ರೈಲು ಡಬ್ಬಿಗೆ ಮಾಡಿದ ಹಾಗೆ.

ವೀರಪದವಿ ಅಂದರೆ ಮೂಲದಲ್ಲಿ ಕುದುರೆ ಸವಾರನ ಪದವಿ. ಕುದುರೆ ಅಂದ ಮೇಲೆ ನಮ್ಮ ಕಲಬುರಗಿ ಕಡೆಯ ಆಳಂದ, ಅಫಜಲಪುರಗಳ ಹೆಸರು ಬರಲೇಬೇಕು. ಎರಡೂ ಪಾಯಗಾ ಜಾಗೀರಿನ ಊರುಗಳು. ಪಾಯಗಾ ಅಂದರೆ ಕುದುರೆ ಲಾಯ. ನಿಜಾಮನ ಖಾಸಾ ಅಶ್ವದಳ ಸಾಕಲಿಕ್ಕೆಂದು ಕೊಟ್ಟ ಸೀಮೆ. ನಮ್ಮವರು ಜೋಳ, ತೊಗರಿ ಬೆಳೆದು ಕಂದಾಯ ಕಟ್ಟಿದರು. ಕುದುರೆ ಮೇಯಿತು, ಕುದುರೆಯ ಯಜಮಾನ ‘ಸರ್’ ಆದ. ಆಸ್ಮಾನ್ ಜಾ, ಖುರ್ಷಿದ್ ಜಾ, ವಿಖಾರ್-ಉಲ್-ಉಮ್ರಾ: ಪಾಯಗಾದ ಮೂರೂ ಮನೆಗಳಿಗೆ ‘ಆರ್ಡರ್ ಆಫ್ ದಿ ಇಂಡಿಯನ್ ಎಂಪೈರ್’ ಹಂಚಿಕೆಯಾಯಿತು. ಎರೆಹೊಲದಲ್ಲಿ ಬಗ್ಗಿ ಕಳೆ ಕಿತ್ತವರ ಬೆನ್ನು ಯಾವ ಪದಕಕ್ಕೂ ನೆಟ್ಟಗಾಗಿ ನಿಲ್ಲಲಿಲ್ಲ.

ಆದರೆ ನಿಜಾಮರಿಗೆ ನಿಜವಾಗಿ ಬೇಕಿದ್ದದ್ದು ತಾರೆಯಲ್ಲ, ಬೇರಾರ್. 1853ರಲ್ಲಿ ಸಾಲದ ಲೆಕ್ಕ ತೋರಿಸಿ ಇಂಗ್ಲಿಷರು ಹಿಡಿದಿಟ್ಟುಕೊಂಡ ಹತ್ತಿಯ ನಾಡು. ಸಾಲಾರ್ ಜಂಗ್ ಕೇಳಿದ. ಸ್ಟಾರ್ ಆಫ್ ಇಂಡಿಯಾದ ಮೇಲ್ದರ್ಜೆ ಕೊಟ್ಟರು. 1876ರಲ್ಲಿ ಇಂಗ್ಲೆಂಡಿಗೇ ಹೋದ. ಆಕ್ಸ್‌ಫರ್ಡಿನ ಗೌರವ ಡಾಕ್ಟರೇಟ್ ಕೊಟ್ಟು ಕಳಿಸಿದರು. 1902ರಲ್ಲಿ ವೈಸರಾಯ ಕರ್ಜನ್ ಸಾಹೇಬ ತಾನೇ ಬಂದು, ವರ್ಷಕ್ಕೆ 25 ಲಕ್ಷಕ್ಕೆ ಬೇರಾರನ್ನು ಕಾಯಂ ಗುತ್ತಿಗೆ ಬರೆಸಿಕೊಂಡ. ಬೆನ್ನಿಗೇ ನಿಜಾಮ ಮಹಬೂಬ್ ಅಲಿ ಖಾನನಿಗೆ ‘ಜಿ.ಸಿ.ಬಿ.’, ಅಂದರೆ ಸ್ನಾನದ ಹೆಸರಿನ ‘ಆರ್ಡರ್ ಆಫ್ ದಿ ಬಾತ್’. ಎಳ್ಳುನೀರು ಬಿಟ್ಟ ಮೇಲೆ ಸ್ನಾನ ಶಾಸ್ತ್ರೋಕ್ತವೇ. ಹೈದರಾಬಾದಿನ ಕುಚೇಷ್ಟೆಯವರು ಮಾತ್ರ ಆ ಮೂರು ಅಕ್ಷರವನ್ನು ‘ಗೇವ್ ಕರ್ಜನ್ ಬೇರಾರ್’ ಎಂದು ಬಿಡಿಸಿ ಓದಿದರು.

ಮಗ ಉಸ್ಮಾನ್ ಅಲಿ ಖಾನ್ ಛಲ ಬಿಡಲಿಲ್ಲ. ಮೊದಲ ಮಹಾಯುದ್ಧಕ್ಕೆ ಹಣ ಸುರಿದ. ‘ಎಕ್ಸಾಲ್ಟೆಡ್’ ಎಂಬ, ಬೇರೆ ಯಾವ ಸಂಸ್ಥಾನಿಕನಿಗೂ ಇಲ್ಲದ ವಿಶೇಷಣ ಬಂತು. ಬೇರಾರ್ ಕೊಡಿ ಅಂದ. 1926ರಲ್ಲಿ ವೈಸರಾಯ ರೀಡಿಂಗ್ ಪ್ರಭು, ನೀವು ನಮಗೆ ಸರಿಸಮಾನರಲ್ಲ ಎಂದು ಕಾಗದ ಬರೆದು ಬಾಯಿ ಮುಚ್ಚಿಸಿದ. ಕಡೆಗೆ 1936ರಲ್ಲಿ ಇಂಗ್ಲಿಷರ ಮನಸ್ಸು ಕರಗಿತು. ಬೇರಾರ್ ಕೊಟ್ಟರೇ? ಬೇರಾರ್ ಎಂಬ ಹೆಸರು ಕೊಟ್ಟರು. ನಿಜಾಮ ‘ಹೈದರಾಬಾದ್ ಮತ್ತು ಬೇರಾರಿನ ನಿಜಾಮ’ನಾದ, ಹಿರಿಮಗ ‘ಬೇರಾರಿನ ರಾಜಕುಮಾರ’ನಾದ. ಆಡಳಿತ ಎಲ್ಲಿತ್ತೋ ಅಲ್ಲೇ ಇತ್ತು.

ಕೇಳಿದ್ದರ ಬದಲು ಹೆಸರು ಕೊಡುವ ಈ ಯುಕ್ತಿ 1948ರ ಪೊಲೀಸ್ ಕಾರ್ಯಾಚರಣೆಯೊಂದಿಗೆ ಮುಗಿಯಿತು ಅಂದುಕೊಂಡಿದ್ದೆವು. ಸಂವಿಧಾನದ 18ನೇ ವಿಧಿ ಬಿರುದುಗಳನ್ನೇ ರದ್ದು ಮಾಡಿತು. ಆದರೆ 2002ರಲ್ಲಿ, ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆಯಲು ಕೂತಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಬಂತು. ಪಾಪ, ಅವರು ಪ್ರಾಮಾಣಿಕವಾಗಿ ಅಳೆದು ತೂಗಿ ಬರೆದವರು. ಆದರೂ ನೋಡಿ, ಅಲ್ಲಿಯೂ ಮೂರೇ ದರ್ಜೆ. ಹಿಂದುಳಿದ ತಾಲೂಕುಗಳು 35, ಅತಿ ಹಿಂದುಳಿದವು 40, ಅತ್ಯಂತ ಹಿಂದುಳಿದವು 39. ಆಳಂದ, ಅಫಜಲಪುರ, ಜೇವರ್ಗಿ ಮೂರಕ್ಕೂ ಸೀದಾ ಮೇಲ್ದರ್ಜೆ! ಮಖಮಲ್ಲಿನ ನಿಲುವಂಗಿ ಒಂದು ಬರಲಿಲ್ಲ ಅಷ್ಟೆ. ಬೇಸಿಗೆಯಲ್ಲಿ ನಮ್ಮ ಬಿಸಿಲಿಗೆ ಅದು ಬೇಕಾಗಿಯೂ ಇರಲಿಲ್ಲ.

ನೀರು, ಸಾಲಿ, ದವಾಖಾನಿ, ಕೆಲಸ, ಒಂದೇ ಮಾತಿನಲ್ಲಿ ಹೇಳುವುದಾದರೆ ಕಲ್ಯಾಣ ಬೇಕು ಅಂತ ಕೇಳುತ್ತಲೇ ಬಂದೆವು. ಸಂವಿಧಾನದ 371ಜೆ ವಿಧಿ ಬಂತು, ಸೀಟು-ನೌಕರಿಯ ಮೀಸಲು ಬಂತು. ಇಲ್ಲವೆಂದರೆ ನಾಲಿಗೆಗೆ ಹುಳ ಬಿದ್ದೀತು. ಆಮೇಲೆ 2019ರ ಸೆಪ್ಟೆಂಬರಿನಲ್ಲಿ ಇನ್ನೂ ದೊಡ್ಡದು ಬಂತು. ಕಲ್ಯಾಣ ಕೇಳಿದವರಿಗೆ, ಹೈದರಾಬಾದ್ ಕರ್ನಾಟಕ ಅನ್ನುವುದನ್ನು ತೆಗೆದು, ‘ಕಲ್ಯಾಣ ಕರ್ನಾಟಕ’ ಅಂತ ಹೆಸರನ್ನೇ ಇಟ್ಟರು. ಶರಣರ ಹೆಸರು, ಬೇಡ ಅನ್ನಲು ಬಾಯಿ ಬರುವುದಿಲ್ಲ. ಅಭಿವೃದ್ಧಿ ಮಂಡಳಿಯ ಬೋರ್ಡೂ ಬದಲಾಯಿತು. ಬೇರಾರಿನ ರಾಜಕುಮಾರ ಬದುಕಿದ್ದಿದ್ದರೆ ಬಂದು ಕೈಕುಲುಕಿ ಹೋಗುತ್ತಿದ್ದ.

ಸ್ಟಾರ್ ಆಫ್ ಇಂಡಿಯಾಕ್ಕೆ ಒಂದು ಷರತ್ತಿತ್ತು: ಧರಿಸಿದವನು ಸತ್ತ ಮೇಲೆ ವಾರಸುದಾರರು ಪದಕ-ಸರವನ್ನು ಸರ್ಕಾರಕ್ಕೆ ಹಿಂದಿರುಗಿಸಬೇಕು. ನಾವು ಸಾಯುವವರೆಗೂ ಕಾಯುವುದಿಲ್ಲ. ನಮ್ಮ ಮೇಲ್ದರ್ಜೆಯ ಬಿರುದನ್ನು ಈಗಲೇ ವಾಪಸು ಕೊಡಲಿಕ್ಕೆ ತಯಾರಿದ್ದೇವೆ. ಯಾವ ಆಫೀಸಿನಾಗ ಕೊಡಬೇಕ್ರಿ, ಅರ್ಜಿಗೆ ಎಷ್ಟು ಝೆರಾಕ್ಸ್ ಹಚ್ಚಬೇಕ್ರಿ?