ಕುರ್ಚಿ ಏಳು, ಜನ ನಲವತ್ತು

ಬೆಂಗಳೂರಿನ ಹೊರವಲಯದ ನಮ್ಮ ವಾರ್ಡಿನಲ್ಲಿ ಸಮುದಾಯ ಭವನವಿದೆ. ಸಮುದಾಯಕ್ಕೆ ಮಾತ್ರ ಒಳಗೆ ಪ್ರವೇಶವಿಲ್ಲ.

ವಾರ್ಡ್ ಸಭೆ ಅಂತ ಕರೆದರು, ಹೋದೆವು. ಇಂಜಿನಿಯರ್ ಸಾಹೇಬರ ಕೋಣೆ. ಕುರ್ಚಿ ಏಳು, ಬಂದವರು ನಲವತ್ತು. ಏಳರಲ್ಲಿ ಒಂದರ ಕಾಲು ಮುರಿದಿತ್ತು, ಅದು ಸಾರ್ವಜನಿಕರಿಗೆ. ಉಳಿದವರು ಮೆಟ್ಟಿಲ ಮೇಲೆ ನಿಂತೇ ಪ್ರಜಾಪ್ರಭುತ್ವ ನಡೆಸಿದೆವು. ಮೋರಿಯ ಚರ್ಚೆ ಒಳಗೆ, ಮೋರಿಯ ವಾಸನೆ ನಮಗೆ.

ಭವನದಲ್ಲೇ ಸಭೆ ಇಟ್ಟುಕೊಳ್ಳಬಹುದಲ್ಲ ಎಂದು ಕೇಳಿದೆ.

‘ಅಲ್ಲಿ ಬೀಗರ ಊಟ ಇದೆ ಸಾರ್.’

ಮುಂದಿನ ತಿಂಗಳು?

‘ಮುಹೂರ್ತ ಜಾಸ್ತಿ ಇದೆ ಸಾರ್.’

ಆಷಾಢದಲ್ಲಿ?

‘ಕೀ ಇಟ್ಕೊಂಡಿರೋರು ಊರಲ್ಲಿರಲ್ಲ ಸಾರ್.’

ಬೀಗರು ಹೋದರೆ ಬೀಗ. ಸರಿ, ಬೇರೆ ಕಡೆ ಹಾಲ್ ಬಾಡಿಗೆಗೆ ಹಿಡಿಯಿರಿ ಎಂದೆ. ‘ಅದಕ್ಕೆ ಬಜೆಟ್ಟಲ್ಲಿ ಹೆಡ್ಡೇ ಇಲ್ಲ ಸಾರ್.’ ತಲೆಯಿಲ್ಲವೆಂದು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಕಚೇರಿಯನ್ನು ನಾನು ಬೇರೆ ಕಂಡಿಲ್ಲ.

ಕಟ್ಟುವುದಕ್ಕೆ ಮಾತ್ರ ಹೆಡ್ಡುಗಳು ರಾವಣನಿಗಿದ್ದಷ್ಟಿವೆ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಭವನ ಕಟ್ಟಿಸಿದರೆ ಗ್ರಾನೈಟಿನ ಮೇಲೆ ಹೆಸರು ಬರುತ್ತದೆ. ಬಾಡಿಗೆ ರಸೀದಿಯ ಮೇಲೆ ಯಾರ ಹೆಸರು ಕೆತ್ತಿಸುತ್ತೀರಿ?

ಕಾನೂನಿಗೇನು ಬರವಿಲ್ಲ. ಪಾಲಿಕೆ ಕಾಯ್ದೆಯ 2011ರ ತಿದ್ದುಪಡಿ ವಾರ್ಡ್ ಸಮಿತಿ, ಏರಿಯಾ ಸಭೆ ಎಂದಿತು. 2020ರ ಬಿಬಿಎಂಪಿ ಕಾಯ್ದೆ ಮತ್ತೆ ವಾರ್ಡ್ ಸಮಿತಿ ಎಂದಿತು. 2024ರ ಗ್ರೇಟರ್ ಬೆಂಗಳೂರು ಕಾಯ್ದೆ ಮತ್ತೊಮ್ಮೆ ಎಂದಿತು. ಜನ ಎಲ್ಲಿ ಕೂರಬೇಕೆಂದು ಮಾತ್ರ ಯಾರೂ ಯೋಚಿಸಲಿಲ್ಲ. 2015ರಲ್ಲಿ ನಾವು ಆರಿಸಿದ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ಐದು ವರ್ಷ ಆಡಳಿತಾಧಿಕಾರಿಗಳ ರಾಜ್ಯಭಾರ. 2025ರ ಸೆಪ್ಟೆಂಬರಿನಲ್ಲಿ ಒಂದಿದ್ದ ಪಾಲಿಕೆ ಐದಾಯಿತು. ಕುರ್ಚಿ ಎಂಟಾಗಲಿಲ್ಲ.

ನಮ್ಮ ಹೊರವಲಯಕ್ಕೆ ಸಭಾಂಗಣದ ಬಡತನ ಅಂದುಕೊಳ್ಳಬೇಡಿ. ವೈಟ್‌ಫೀಲ್ಡಿನಲ್ಲಿ ಕೆಟಿಪಿಒ ವಸ್ತುಪ್ರದರ್ಶನ ಕೇಂದ್ರವಿದೆ. ಪೀಣ್ಯ ದಾಟಿದರೆ ತುಮಕೂರು ರಸ್ತೆಯಲ್ಲಿ ಬಿಐಇಸಿ ಎಂಬ ಇನ್ನೊಂದಿದೆ. 2025ರ ನವೆಂಬರಿನಲ್ಲಿ ಸರ್ಕಾರ ಟೆಕ್ ಸಮಿಟ್ ನಡೆಸಿದ್ದು ಅಲ್ಲೇ, ಮೂರು ದಿನ. ಹೆಡ್ಡಿಲ್ಲ ಸಾರ್ ಎಂದು ಅಲ್ಲಿ ಯಾರಾದರೂ ತಲೆ ಕೆರೆದುಕೊಂಡರೇ? ಎಲೆಕ್ಟ್ರಾನಿಕ್ಸ್ ಸಿಟಿಯ ಕಂಪನಿಯವರಂತೂ ಜಾಣರು. 2013ರಿಂದ ಅವರಿಗೆ ಅವರದೇ ಟೌನ್‌ಶಿಪ್ ಪ್ರಾಧಿಕಾರ, ಎಲ್ಸಿಟಾ. ತೆರಿಗೆ ಅಲ್ಲೇ ವಸೂಲಿ, ಬಹುಪಾಲು ಅಲ್ಲೇ ಖರ್ಚು. ಗೇಟಿನಾಚೆಯವರು ಚಹಾದಂಗಡಿ ಮುಂದೆ ಸಭೆ ಸೇರಲಿ.

ಸಿಟ್ಟು ಬಂತೇ? ಧರಣಿ ಕೂರಿ. ನಿಮ್ಮ ಬೀದಿಯಲ್ಲಲ್ಲ, ಜೋಕೆ. 2021ರ ಪೊಲೀಸ್ ಆದೇಶದ ಪ್ರಕಾರ ಬೆಂಗಳೂರಿನ ಸಿಟ್ಟೆಲ್ಲ ಫ್ರೀಡಂ ಪಾರ್ಕಿನಲ್ಲೇ ಖರ್ಚಾಗಬೇಕು. ಪೀಣ್ಯದ ಕಾರ್ಮಿಕ ಒಂದು ದಿನದ ಕೂಲಿ ಕಳೆದುಕೊಂಡು, ಬಸ್ಸು ಹಿಡಿದು, ಅಲ್ಲಿಗೆ ಹೋಗಿ ಕೂಗಿ ಬರಬೇಕು. ಆ ಪಾರ್ಕು ಮೊದಲು ಸೆಂಟ್ರಲ್ ಜೈಲಾಗಿತ್ತು. ನಾವು ಬಾಯಿ ಬಿಡುವುದಕ್ಕೆಂದು ಸರ್ಕಾರ ಮನಸಾರೆ ತೋರಿಸಿದ ಜಾಗ ಅದೊಂದೇ.

ಇರಲಿ. ಆಷಾಢ ಪ್ರತಿವರ್ಷ ಬರುತ್ತದೆ. ಆಗ ಮದುವೆಯಿಲ್ಲ, ಭವನ ಖಾಲಿ. ಕೀ ಯಾರ ಹತ್ತಿರವಿದೆಯೆಂದು ನಿಮಗೇನಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕುರ್ಚಿ ನಾವೇ ಮನೆಯಿಂದ ತರುತ್ತೇವೆ.