ಗೃಹಸ್ಥನಟ ಪ್ರಕರಣ: ನಾಟ್ಯಶಾಸ್ತ್ರಕ್ಕೊಂದು ತುರ್ತು ಅನುಬಂಧ

ಭರತಮುನಿ ತಲೆಯಾಡಿಸುವುದಕ್ಕೆ 13 ಬಗೆ ಹೇಳಿದ್ದಾನೆ, ನೋಟಕ್ಕೆ 36. ಹುಬ್ಬು, ಮೂಗು, ಕೆನ್ನೆಗಳಿಗೂ ಅವನಲ್ಲಿ ಬೇರೆಬೇರೆ ಲೆಕ್ಕವಿದೆ. ಆದರೆ ತಾಲೀಮಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಮೇಲಧಿಕಾರಿ 'ಒಂದ್ನಿಮಿಷ ಬಂದು ಹೋಗಿ' ಎಂದರೆ ನಟನಾದವನು ಆ ಹದಿಮೂರರಲ್ಲಿ ಯಾವ ಬಗೆಯಲ್ಲಿ ತಲೆಯಾಡಿಸಬೇಕೆಂಬ ಬಗ್ಗೆ ನಾಟ್ಯಶಾಸ್ತ್ರದಲ್ಲಿ ಒಂದಕ್ಷರವಿಲ್ಲ. ಅತ್ತೆ ಮಾವ ಊರಿಂದ ಬಂದು ಹಾಲ್‌ನಲ್ಲಿ ಕೂತಿರುವಾಗ ಗೋಡೆ ಸವರಿಕೊಂಡು ಚಪ್ಪಲಿ ಮೆಟ್ಟಲು ಹೋಗುವವನ ನೋಟ ಯಾವುದೆಂಬುದಕ್ಕೂ ವ್ಯಾಖ್ಯಾನಕಾರರಲ್ಲಿ ಉತ್ತರವಿಲ್ಲ. ಅಭಿನವಗುಪ್ತ ರಸದ ಬಗ್ಗೆ ಅಷ್ಟೊಂದು ಬರೆದ. ರಾತ್ರಿ ಹತ್ತೂವರೆಗೆ ಮನೆಗೆ ಬಂದ ನಟನಿಗೆ ಸಾರು ಬಿಸಿ ಮಾಡಿಕೊಡುವವರು ಯಾರು ಎಂಬಲ್ಲಿಗೆ ಮಾತ್ರ ಅವನು ಬರಲೇ ಇಲ್ಲ.

ಈ ಲೋಪಕ್ಕೆ ಕಾರಣ ಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಸಿಗುತ್ತದೆ. ಭರತನ ತಂಡವೆಂದರೆ ಅವನ ನೂರು ಮಂದಿ ಮಕ್ಕಳು. ಅಪ್ಪನೇ ನಿರ್ದೇಶಕನಾದ ಮೇಲೆ ತಾಲೀಮಿಗೆ ಹೋಗಲು ಮನೆಯಲ್ಲಿ ಯಾರ ಅಪ್ಪಣೆಯೂ ಬೇಕಿರಲಿಲ್ಲ. 'ಸಾರ್, ಮಂಗಳವಾರ, ಗುರುವಾರ ನಂಗೆ ಆಗಲ್ಲ' ಎನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ. ಲಾಲಿತ್ಯದ ಅಭಿನಯ ಗಂಡಸರಿಂದಷ್ಟೇ ಆಗದು ಎಂದಾಗ ಬ್ರಹ್ಮನೇ ಅಪ್ಸರೆಯರನ್ನು ಸೃಷ್ಟಿಸಿ ಕಳಿಸಿಕೊಟ್ಟ. ಇಷ್ಟು ಅನುಕೂಲಸ್ಥ ತಂಡವನ್ನು ಇಟ್ಟುಕೊಂಡು ಬರೆದ ಶಾಸ್ತ್ರ ಬೆಂಗಳೂರಿನ ಬಸವನಗುಡಿಯಲ್ಲಿ ಸಂಜೆ ಏಳರ ಮೇಲೆ ಅರ್ಧಕ್ಕರ್ಧ ಕೆಲಸಕ್ಕೆ ಬಾರದೆ ಹೋದರೆ ಆಶ್ಚರ್ಯವೇನು? ಆದ್ದರಿಂದ ಈ ಅನುಬಂಧ.

ಮೊದಲು ಲಕ್ಷಣ. ನಲವತ್ತೈದು ದಾಟಿದ, ಚಾಳೀಸು ಬಂದ, ಹಗಲು ಬ್ಯಾಂಕಿನಲ್ಲೋ ವಿಮೆಯಲ್ಲೋ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲೋ ಕೂತು ಸಂಜೆ ತಾನು ಬೇರೆ ಯಾರೋ ಆಗುತ್ತೇನೆಂದು ನಂಬಿರುವವನು ಗೃಹಸ್ಥನಟ. ಇವನ ಕುಲ ಸಾಮಾನ್ಯದ್ದಲ್ಲ. ಬೆಂಗಳೂರಿನ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿದ್ದು 1909ರಲ್ಲಿ. ನಾಟಕಕಾರ ಕೈಲಾಸಂ ಲಂಡನ್ನಿನಲ್ಲಿ ಓದಿ ಬಂದದ್ದು ಭೂಗರ್ಭಶಾಸ್ತ್ರ. ನಾಟ್ಯಶಾಸ್ತ್ರವನ್ನು ಕನ್ನಡಕ್ಕೆ ತಂದ ಶ್ರೀರಂಗರು ಧಾರವಾಡದ ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದವರು. ಅಷ್ಟೇಕೆ, ನಟನೆಯ ಆಧುನಿಕ ಗುರುವೆಂದು ಜಗತ್ತು ಒಪ್ಪಿದ ಸ್ತಾನಿಸ್ಲಾವ್‌ಸ್ಕಿ ಹಗಲು ಹೊತ್ತು ಮಾಸ್ಕೋದಲ್ಲಿ ಮನೆಯವರ ಜರಿ ಕಾರ್ಖಾನೆಯ ವ್ಯವಹಾರ ನೋಡಿಕೊಳ್ಳುತ್ತಿದ್ದ. ಹುಟ್ಟು ಹೆಸರು ಅಲೆಕ್ಸೇಯೆವ್. ನಾಟಕದ ಹುಚ್ಚು ಮನೆಯವರಿಗೆ ಗೊತ್ತಾಗದಿರಲಿ ಎಂದೇ ಹೆಸರು ಬದಲಿಸಿಕೊಂಡ. 'ಆಡಿಟ್ ಇದೆ, ಲೇಟಾಗುತ್ತೆ' ಎಂದು ಮನೆಗೆ ಮೆಸೇಜು ಹಾಕುವ ನಮ್ಮ ನಟ ಆ ಪರಂಪರೆಯ ನೇರ ವಾರಸುದಾರ.

ವಾರಸುದಾರನೇನೋ ಸರಿ, ಪಾಡು ಮಾತ್ರ ಬೇರೆ. ತುಮಕೂರು, ಮಂಡ್ಯ ಕಡೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಆಡುವವನೂ ಹವ್ಯಾಸಿಯೇ. ಆದರೆ ಅವನು ದುಡ್ಡು ಕೊಟ್ಟು ಪಾತ್ರ ಹಿಡಿಯುತ್ತಾನೆ. ದುರ್ಯೋಧನನಿಗೆ ಹೆಚ್ಚು, ದ್ವಾರಪಾಲಕನಿಗೆ ಕಡಿಮೆ. ಕೊಟ್ಟ ಹಣಕ್ಕೆ ಕಿರೀಟ, ಗದೆ, ಬಣ್ಣ, ಊರವರ ಶಿಳ್ಳೆ ಎಲ್ಲ ವಸೂಲಾಗುತ್ತದೆ. ಪ್ರಾಯೋಗಿಕ ನಾಟಕದ ಗೃಹಸ್ಥನಟನಿಗೆ ಸಿಗುವ ಪಾತ್ರದ ಹೆಸರು 'ವ್ಯಕ್ತಿ 3'. ವೇಷ ಕಪ್ಪು ಜುಬ್ಬಾ, ಕಪ್ಪು ಪೈಜಾಮ, ಅದೂ ಸ್ವಂತದ್ದು.

ಇಲ್ಲಿ ಪೂರ್ವಪಕ್ಷ ಏಳುತ್ತದೆ. ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷಿಯನ್ನು ಗ್ರಂಥಕಾರನೇ ಸೃಷ್ಟಿಸಿ, ನಾಲ್ಕು ಮಾತಾಡಿಸಿ ಸೋಲಿಸುವುದು ವಾಡಿಕೆ. ಈ ಪ್ರಕರಣದಲ್ಲಿ ಪೂರ್ವಪಕ್ಷಿಯನ್ನು ಯಾರೂ ಸೃಷ್ಟಿಸಬೇಕಿಲ್ಲ, ಆಕೆ ಅಡುಗೆಮನೆಯಲ್ಲಿದ್ದಾಳೆ.

"ವ್ಯಕ್ತಿ 3 ಅಂದ್ರೆ ಯಾರು ರೀ?"

"ಅವನು ಯಾರು ಅಂತ ಅವನಿಗೇ ಗೊತ್ತಿಲ್ಲ. ಅದೇ ನಾಟಕ."

"ಒಂದನೇಯೋನು, ಎರಡನೇಯೋನು?"

"ಅವರಿಗೂ ಗೊತ್ತಿಲ್ಲ."

"ಗೊತ್ತಿಲ್ದೇ ಇರೋದಕ್ಕೆ ಎರಡು ತಿಂಗಳು ರಿಹರ್ಸಲ್ ಯಾಕೆ?"

ಸಿದ್ಧಾಂತಿ ಈವರೆಗೆ ಇದಕ್ಕೆ ಉತ್ತರ ಕೊಟ್ಟಿಲ್ಲ.

ಗೃಹಸ್ಥನಟನ ನಿಜವಾದ ಸಂಕಟವಿರುವುದು ಬಾಯಿಪಾಠದಲ್ಲಿ. ಕಾರಣ ವಯಸ್ಸು ಎಂಬುದು ತಂಡದ ಹುಡುಗರ ವಾದ. (ಅವರು ಇವನನ್ನು 'ಅಂಕಲ್' ಎನ್ನುತ್ತಾರಾದ್ದರಿಂದ ಅವರ ವಾದವನ್ನು ಇಲ್ಲಿ ಪರಿಗಣಿಸಿಲ್ಲ.) ಈ ಪ್ರಬಂಧಕಾರನ ಪ್ರಕಾರ ದೋಷ ನಾಟಕದ ರಚನೆಯಲ್ಲೇ ಇದೆ. ಹಳ್ಳಿಯ ದುರ್ಯೋಧನ ರಾತ್ರಿಯಿಡೀ ಹಾಡುಗಳನ್ನು ಹೇಳುತ್ತಾನಲ್ಲ, ಅವನ ನೆನಪನ್ನು ಹೊತ್ತು ನಡೆಸುವುದು ಹಾರ್ಮೋನಿಯಂ. ಮೇಷ್ಟ್ರು ಶ್ರುತಿ ಕೊಟ್ಟರೆ ರಾಗ ಬರುತ್ತದೆ, ರಾಗ ಬಂದರೆ ಪ್ರಾಸ ಬರುತ್ತದೆ, ಪ್ರಾಸದ ಬೆನ್ನಿಗೆ ಪದ. ಕಥೆಯಂತೂ ಹುಟ್ಟುವ ಮೊದಲೇ ಗೊತ್ತು: ಮಾತು ಮರೆತರೂ ತೊಡೆ ಮುರಿಯುವುದು ತನ್ನದೇ ಎಂಬ ಬಗ್ಗೆ ದುರ್ಯೋಧನನಿಗೆ ಸಂಶಯವಿರುವುದಿಲ್ಲ. ಪ್ರಾಯೋಗಿಕ ನಾಟಕದಲ್ಲಿ ಪ್ರಾಸವಿಲ್ಲ, ಕಥೆಯಿಲ್ಲ, ಮೇಷ್ಟ್ರಂತೂ ಇಲ್ಲವೇ ಇಲ್ಲ. ಮೇಲಾಗಿ ಒಂದೇ ಮಾತು ಚೂರುಪಾರು ಬದಲಾಗಿ ಮತ್ತೆ ಮತ್ತೆ ಬರುತ್ತದೆ. 12ನೆಯ ಪುಟದಲ್ಲಿ ವ್ಯಕ್ತಿ 3 'ಹೊರಡೋಣವೇ?' ಎನ್ನುತ್ತಾನೆ. 34ನೆಯ ಪುಟದಲ್ಲಿ 'ಹೊರಡೋಣ ಅಲ್ಲವೇ?' 34ರಲ್ಲಿರುವಾಗ ಬಾಯಿತಪ್ಪಿ 'ಹೊರಡೋಣವೇ?' ಎಂದರೆ ಎದುರಿನವನು ಅಭ್ಯಾಸಬಲದಿಂದ 12ನೆಯ ಪುಟದ ಉತ್ತರ ಕೊಡುತ್ತಾನೆ. ಅಲ್ಲಿಂದ ನಾಟಕ ಹಿಂದಕ್ಕೆ ಹೋಗಿ, ಈಗಷ್ಟೇ ಆದ ಇಪ್ಪತ್ತೆರಡು ಪುಟಗಳನ್ನು ಮತ್ತೆ ದಾಟಿ ಅದೇ ಕವಲಿಗೆ ಬಂದು ನಿಲ್ಲುತ್ತದೆ. ಇದಕ್ಕೆ ಆವರ್ತದೋಷ ಎಂದು ಹೆಸರಿಡಬಹುದು. ಕಥೆಯಿರುವ ನಾಟಕದಲ್ಲಿ ಇದು ಸಂಭವಿಸದು. ಒಮ್ಮೆ ಸತ್ತ ಕರ್ಣನನ್ನು ಯಾರೂ ಮತ್ತೆ ರಥ ಹತ್ತಿಸುವುದಿಲ್ಲ.

ನಟರು ಮಾತು ಮರೆಯುವುದನ್ನು ಭರತ ಗಮನಿಸಿಲ್ಲವೆಂದಲ್ಲ. ಇಂದ್ರಧ್ವಜದ ಉತ್ಸವದಲ್ಲಿ ಆಡಿದ ಮೊಟ್ಟಮೊದಲ ನಾಟಕದಲ್ಲೇ ವಿಘ್ನಗಳು ಅದೃಶ್ಯವಾಗಿ ಬಂದು ನಟರ ಮಾತು, ಚಲನೆ, ಸ್ಮೃತಿ ಮೂರನ್ನೂ ಕಟ್ಟಿಹಾಕಿದವು. ಆಗ ಇಂದ್ರ ಧ್ವಜದ ಕೋಲು ಕಿತ್ತುಕೊಂಡು ಅವನ್ನು ಬಡಿದು ಜರ್ಜರಗೊಳಿಸಿದ. ಆ ಕೋಲಿಗೂ ಜರ್ಜರವೆಂದೇ ಹೆಸರಾಯಿತು. ನಮ್ಮ ಕಾಲಕ್ಕೆ ಆ ಕೋಲಿನ ಜಾಗದಲ್ಲಿ ಸೈಡ್‌ವಿಂಗಿನ ಪ್ರಾಂಪ್ಟರ್ ಬಂದ. ಪ್ರಾಯೋಗಿಕ ರಂಗಭೂಮಿ ಮೊದಲು ಕಿತ್ತೆಸೆದದ್ದು ಆ ವಿಂಗನ್ನೇ.

ಮರೆತ ಕ್ಷಣದಲ್ಲಿ ಮೈಗೆ ಆಗುವುದನ್ನು ಮಾತ್ರ ಭರತ ಚೆನ್ನಾಗಿ ಬರೆದಿದ್ದಾನೆ, ಅದು ಮರೆವಿನ ಲಕ್ಷಣವೆಂದು ತಿಳಿಯದೆಯೇ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂಬ ಎಂಟು ಸಾತ್ತ್ವಿಕ ಭಾವಗಳು ಮನಸ್ಸು ಏಕಾಗ್ರವಾಗದೆ ಬಾರವು, ನಟಿಸಿ ತರಲಾಗದವು ಎಂಬುದು ಶಾಸ್ತ್ರ. ಗೃಹಸ್ಥನಟನಿಗೆ ಅವು ಕರೆಯದೆಯೇ ಬರುತ್ತವೆ. ಮೊದಲು ನಿಂತಲ್ಲೇ ನಿಲ್ಲುತ್ತಾನೆ. ಜುಬ್ಬಾದ ಬೆನ್ನು ಒದ್ದೆಯಾಗುತ್ತದೆ. ತೋಳಿನ ಕೂದಲು ಏಳುತ್ತದೆ. 'ಹೊ... ಹೊ...' ಎಂದು ಸ್ವರ ಒಡೆಯುತ್ತದೆ, ಮಂಡಿ ನಡುಗುತ್ತದೆ, ಮುಖ ಬಿಳುಚುತ್ತದೆ, ಕಣ್ಣಂಚಿನಲ್ಲಿ ನೀರು. ಎಂಟನೆಯದಾದ ಪ್ರಲಯಕ್ಕೆ, ಎಂದರೆ ಮೂರ್ಛೆಗೆ, ಅವಕಾಶವಿಲ್ಲ. ಬಿದ್ದರೆ ಪ್ರೇಕ್ಷಕರು ಅದೂ ನಾಟಕವೆಂದೇ ತಿಳಿದು ಯಾರೂ ಎತ್ತುವುದಿಲ್ಲ.

ತಾಲೀಮು ನಡೆಯುವುದು ಶಾಲೆಯೊಂದರ ಆರನೇ ಕ್ಲಾಸಿನಲ್ಲಿ. ಬೆಂಚುಗಳನ್ನು ಗೋಡೆಗೆ ಒತ್ತಿ, ರಂಗದ ಅಳತೆಯನ್ನು ಸೀಮೆಸುಣ್ಣದಲ್ಲಿ ಗೆರೆ ಎಳೆದು ಗುರುತು ಮಾಡುತ್ತಾರೆ. ಕರಿಹಲಗೆಯ ಮೇಲೆ ಬೆಳಗಿನ ಭಿನ್ನರಾಶಿ ಹಾಗೇ ಇರುತ್ತದೆ. ನಿರ್ದೇಶಕನಿಗೆ ಇಪ್ಪತ್ತಾರು. "ಸಾರ್, ಇನ್ನೂ ಸ್ವಲ್ಪ ಖಾಲಿ ಆಗಿ" ಎನ್ನುತ್ತಾನೆ. ಗೃಹಸ್ಥನಟ ಖಾಲಿಯಾಗಲು ಕಣ್ಣು ಮುಚ್ಚಿದರೆ ಗೃಹಸಾಲದ ಕಂತು ಕಾಣಿಸುತ್ತದೆ. ಮೊದಲ ಅರ್ಧ ಗಂಟೆ ದೇಹಕ್ಕೆ ಕಸರತ್ತು: ಬೆಕ್ಕಿನ ನಡಿಗೆ, ಬೀಜ ಮೊಳೆಯುವುದು, ಕನ್ನಡಿಯಾಟ. ಬೀಜವಾಗಿ ನೆಲಕ್ಕೆ ಮುದುರಿಕೊಳ್ಳುವುದು ಇವನಿಗೂ ಸಾಧ್ಯ. ಮೊಳೆತು ಮೇಲೇಳಲು ಮಾತ್ರ ಬೆಂಚಿನ ಆಸರೆ ಬೇಕು. ಆಮೇಲೆ ಪರಸ್ಪರ ನಂಬಿಕೆಯ ಆಟ. ಒಬ್ಬ ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಉಳಿದವರು ಹಿಡಿಯಬೇಕು. ಇವನ ಸರದಿ ಬಂದಾಗ ಹುಡುಗರು ಮುಖ ಮುಖ ನೋಡಿಕೊಂಡು ಇನ್ನಿಬ್ಬರನ್ನು ಕರೆಯುತ್ತಾರೆ.

ನಿರ್ದೇಶಕ ಮಾತಿಗೊಮ್ಮೆ ಪೋಲೆಂಡಿನ ಗ್ರೊಟೊವ್‌ಸ್ಕಿಯ ಹೆಸರು ಹೇಳುತ್ತಾನೆ. ರಂಗಸಜ್ಜಿಕೆ, ಬಣ್ಣ, ಬೆಳಕಿನ ಆಡಂಬರ ಎಲ್ಲ ಕಳೆದರೂ ನಟ ಮತ್ತು ಪ್ರೇಕ್ಷಕ ಇದ್ದರೆ ನಾಟಕ ಉಳಿಯುತ್ತದೆ ಎಂದವನು ಅವನು. ಅದಕ್ಕೆ ಬಡ ರಂಗಭೂಮಿ ಎಂದು ಹೆಸರಿಟ್ಟ. ಆ ಪೋಲಿಷ್ ಪಂಡಿತ ಅಷ್ಟೆಲ್ಲ ಚಿಂತನೆ ಮಾಡಿ ಮುಟ್ಟಿದ ತೀರ್ಮಾನವನ್ನು ನಮ್ಮ ತಂಡದ ಖಜಾಂಚಿ ಪಾಸ್‌ಬುಕ್ ತೆರೆದ ಕೂಡಲೇ ಮುಟ್ಟಿದ. ಹಾಗಾಗಿ ಪರಿಕರಗಳೆಲ್ಲ ನಟರ ಮನೆಯಿಂದಲೇ ಬರಬೇಕು. ಒಂದು ಏಣಿ, ಒಂದು ಕೊಡೆ, ಒಂದು ಟ್ರಂಕು, ಒಂದು ಕಬ್ಬಿಣದ ಬಾಣಲೆ: ಪ್ರಾಯೋಗಿಕ ನಾಟಕ ಯಾವುದೇ ಇರಲಿ, ಪಟ್ಟಿ ಹೆಚ್ಚುಕಮ್ಮಿ ಇದೇ. ಬಾಣಲೆ ಮನೆಯಿಂದ ಕಾಣೆಯಾದ ವಾರ ಪೂರ್ವಪಕ್ಷ ಮತ್ತೆ ಎದ್ದದ್ದನ್ನು ವಿಸ್ತಾರಭಯದಿಂದ ಬಿಟ್ಟಿದೆ.

ಮನೆಯಲ್ಲಿ ಮಾತು ಒಪ್ಪಿಸುವುದಕ್ಕೆ ಒಂದು ತಾತ್ತ್ವಿಕ ಅಡ್ಡಿಯಿದೆ: ಪ್ರಾಯೋಗಿಕ ನಾಟಕದ ಸಂಭಾಷಣೆಗೂ ಸಂಸಾರದ ಸಂಭಾಷಣೆಗೂ ಗೆರೆ ಎಳೆಯುವುದು ಕಷ್ಟ. 1953ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಬೆಕೆಟ್‌ನ ನಾಟಕದ ಇಬ್ಬರು ಮರದ ಕೆಳಗೆ ಕಾಯತೊಡಗಿದ ಮೇಲೆ ಈ ಜಾತಿಯ ನಾಟಕಗಳಲ್ಲಿ ಎಲ್ಲರೂ ಕಾಯುತ್ತಲೇ ಇದ್ದಾರೆ. ಒಮ್ಮೆ ನಮ್ಮ ನಟ ಮಾತು ಒಪ್ಪಿಸುತ್ತ ಕಿಟಕಿಯ ಬಳಿ ನಿಂತು "ನಾವು ಯಾಕೆ ಕಾಯ್ತಾ ಇದ್ದೀವಿ?" ಎಂದ. "ಗ್ಯಾಸಿನೋನು ಬರ್ತಾನೆ ಅಂತ" ಎಂದು ಒಳಗಿನಿಂದ ಉತ್ತರ ಬಂತು. "ಅವನು ಬರೋದೇ ಇಲ್ಲ" ಎಂಬುದು ಇವನ ಮುಂದಿನ ಮಾತು. "ನೀವು ಬುಕ್ ಮಾಡಿದ್ರೆ ತಾನೆ ಬರೋದು!" ಈ ಉತ್ತರ ಹಸ್ತಪ್ರತಿಯಲ್ಲಿಲ್ಲ. ಇರಬೇಕಿತ್ತು. ಹಾಗಾಗಿ ಮನೆಗಿಂತ ಹಸಿರು ಮಾರ್ಗದ ಮೆಟ್ರೋದಲ್ಲಿ ಅಭ್ಯಾಸ ಮಾಡುವುದೇ ವಾಸಿ. 'ನಾನು ಇಲ್ಲ, ನಾನು ಇರಲೇ ಇಲ್ಲ' ಎಂದು ಗೊಣಗುತ್ತಿದ್ದರೆ ಲಾಲ್‌ಬಾಗ್ ಬರುವಷ್ಟರಲ್ಲಿ ಪಕ್ಕದ ಸೀಟು ಖಾಲಿಯಾಗಿರುತ್ತದೆ.

ಪ್ರದರ್ಶನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರದಲ್ಲಿ. 1972ರಲ್ಲಿ ಬಿ.ವಿ. ಕಾರಂತರು 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ'ಗಳನ್ನು ಕಲಾಕ್ಷೇತ್ರದ ಬಯಲಿಗೆ ತಂದು ಆಡಿಸಿದ ಮೇಲೆ ಗೋಡೆಯಿಲ್ಲದ ಕಡೆ ಆಡುವುದಕ್ಕೆ ಒಂದು ಘನತೆ ಬಂದಿದೆ. ಸೊಳ್ಳೆಗಳನ್ನೂ ಆ ಘನತೆಯ ಲೆಕ್ಕಕ್ಕೇ ಸೇರಿಸಬೇಕು. ಅಂದು, 34ನೆಯ ಪುಟದಲ್ಲಿ, ವ್ಯಕ್ತಿ 3 'ಹೊರಡೋಣವೇ?' ಎಂದುಬಿಟ್ಟ. ನಾಟಕ ಎರಡು ಸುತ್ತು ತಿರುಗಿತು. ಮೂರನೆಯ ಸಲ ವ್ಯಕ್ತಿ 1 ಇವನ ಕಾಲು ತುಳಿದು ದಾರಿಗೆ ತಂದ.

ಪ್ರದರ್ಶನದ ನಂತರದ ಸಂವಾದದಲ್ಲಿ ಗಡ್ಡದವರೊಬ್ಬರು ಎದ್ದು, ಆ ಪುನರಾವರ್ತನೆಯಲ್ಲಿ ಮಧ್ಯಮವರ್ಗದ ಇಡೀ ಬದುಕೇ ಕಂಡಿತು ಎಂದರು. ಕಾಲು ತುಳಿದದ್ದು ಪ್ರಭುತ್ವದ ಹಿಂಸೆ ಎಂದು ಇನ್ನೊಬ್ಬರು. ನಿರ್ದೇಶಕ ವಿನಯದಿಂದ ತಲೆಯಾಡಿಸಿದ, ಭರತ ಹೇಳಿದ ಹದಿಮೂರಕ್ಕೂ ಸೇರದ ಬಗೆಯಲ್ಲಿ. ಎರಡನೆಯ ಪ್ರದರ್ಶನಕ್ಕೂ ಅದನ್ನು ಹಾಗೇ ಉಳಿಸಿಕೊಳ್ಳಬೇಕೆಂದು ತೀರ್ಮಾನವಾಯಿತು. ಆ ತಪ್ಪಿಗೆ ಬೇರೆ ತಾಲೀಮು ನಡೆಯಿತು, ಲೈಟಿನವನಿಗೆ ಕ್ಯೂ ಕೊಟ್ಟರು, ಸುತ್ತಿಗೊಂದರಂತೆ ನೀಲಿ ಬೆಳಕು ನಿಗದಿಯಾಯಿತು.

ಎರಡನೆಯ ಪ್ರದರ್ಶನದಲ್ಲಿ ಗೃಹಸ್ಥನಟ ತನ್ನ ರಂಗಜೀವನದಲ್ಲೇ ಮೊದಲ ಬಾರಿಗೆ, ಒಂದಕ್ಷರವೂ ತಪ್ಪದೆ, 'ಹೊರಡೋಣ ಅಲ್ಲವೇ?' ಎಂದ. ನೀಲಿ ಬೆಳಕು ಬಂತು. ತುಳಿಯಲು ಎತ್ತಿದ್ದ ಕಾಲನ್ನು ಏನು ಮಾಡಬೇಕೆಂದು ತಿಳಿಯದೆ ವ್ಯಕ್ತಿ 1 ಹಾಗೇ ನಿಂತ. ಇದು ಸಾತ್ತ್ವಿಕ ಭಾವಗಳಲ್ಲಿ ಮೊದಲನೆಯದಾದ ಸ್ತಂಭವೇ, ಅಥವಾ ಭರತ ಕಾಣದೇ ಹೋದ ಒಂಬತ್ತನೆಯದೇ ಎಂಬ ಬಗ್ಗೆ ತಂಡದ ವಿದ್ವಾಂಸರಲ್ಲಿ ಇನ್ನೂ ಒಮ್ಮತ ಮೂಡಿಲ್ಲ.